ಸೂಜಿಯಕ್ಕನ ಮಣಿಕಟ್ಟು

ಸೂಜಿಯಕ್ಕನನ್ನು ಮಣ್ಣಿಗಿಟ್ಟು ಬಂದ ಮಾರನೆಯ ಬೆಳಿಗ್ಗೆ ನಮ್ಮ ಮೇಸ್ತ್ರಿ ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು, "ಬೆರಳು ನುಂಗಿದೋಳು ಹೋದಳಂತೆ. ಇನ್ನು ನಮ್ಮ ನಿಮ್ಮ ಬೆರಳಾದ್ರೂ ಉಳೀತು ಬಿಡ್ರಪ್ಪಾ" ಅಂದು ನಕ್ಕ. ನಾಲ್ಕೈದು ಜನ ಅವನ ನಗುವಿಗೆ ತಾಳ ಹಾಕಿದರು. ನಾನು ಅವನ ಬಾಯಿಗೇ ಗುದ್ದಿದೆ. ಒಂದು ಹಲ್ಲು ತೊಟ್ಟಿಗೆ ಬಿತ್ತು. ಇನ್ನೊಂದನ್ನು ಅವನೇ ನುಂಗಿದನೋ ಏನೋ, ಹುಡುಕಿದರೂ ಸಿಗಲಿಲ್ಲ. ಹದಿನೈದು ದಿನ ನನ್ನನ್ನು ಹೊರಗಿಟ್ಟರು. ಕುರಿಯ ಭುಜದಿಂದ ಮೂಳೆ ಬಿಡಿಸುವುದರಲ್ಲಿ ನನ್ನಷ್ಟು ಚುರುಕಿನ ಕೈ ಆ ಕಸಾಯಿಖಾನೆಯಲ್ಲಿ ಇನ್ನೊಂದಿಲ್ಲ, ಅದಕ್ಕೇ ಹದಿನಾರನೆಯ ದಿನ ಅವರೇ ಕರೆದರು. ಎರಡು ವರ್ಷವಾಯಿತು. ಮೇಸ್ತ್ರಿ ಕಟ್ಟಿಸಿಕೊಂಡ ಹಲ್ಲಿನಲ್ಲಿ ಈಗಲೂ ನಗುತ್ತಾನೆ. ಅವನನ್ನು ಕಂಡರೆ ನನ್ನ ಮುಷ್ಟಿ ಈಗಲೂ ತಾನಾಗಿ ಬಿಗಿಯುತ್ತದೆ.

ಆದರೆ ಆ ಹೆಸರು ಮೇಸ್ತ್ರಿ ಇಟ್ಟದ್ದಲ್ಲ. ಇಟ್ಟವನು ಯಾರು ಅಂತ ಹೇಳುವುದಕ್ಕೇ ಇದನ್ನು ಬರೆಯಲು ಕೂತದ್ದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೇಷ್ಟ್ರು ಬೆತ್ತದಲ್ಲಿ ಹೊಡೆದರು, ನಾನು ಸ್ಲೇಟಿನಲ್ಲಿ ಹೊಡೆದೆ, ಅಲ್ಲಿಗೆ ವಿದ್ಯೆ ಮುಗಿಯಿತು. ಕೆಲಸದ ಕಡೆ ನನ್ನನ್ನು ಗುಡುಗು ಅನ್ನುತ್ತಾರೆ. ಅಲ್ಲಿ ದಿನಕ್ಕೆ ನಾನೂರು ಕುರಿ ಬರುತ್ತವೆ. ಒಂದು ಕೋಣೆಯಲ್ಲಿ ಕುತ್ತಿಗೆ, ಎರಡನೆಯದರಲ್ಲಿ ಚರ್ಮ, ಮೂರನೆಯದರಲ್ಲಿ ಕರುಳು. ನಾಲ್ಕನೆಯದು ನಮ್ಮ ಕೋಣೆ. ಬಾಯಿಂದ ಹೊಗೆ ಬರುವಷ್ಟು ತಣ್ಣಗಿರುತ್ತದೆ. ತಲೆಯ ಮೇಲೆ ಕಂಬಿ, ಕಂಬಿಯಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ನೇತಾಡುತ್ತಾ ಒಂದರ ಹಿಂದೆ ಒಂದು ಬರುತ್ತವೆ. ಬಲಗೈಯಲ್ಲಿ ಗೇಣುದ್ದದ ಚಾಕು. ಎಡಗೈಗೆ ಸಣ್ಣ ಸಣ್ಣ ಕಬ್ಬಿಣದ ಬಳೆ ಹೆಣೆದ ಗವಸು. ಕೀಲಿಗೆ ಚಾಕು ಇಳಿಸಿ ಮಣಿಕಟ್ಟನ್ನು ಒಂದು ಸುತ್ತು ತಿರುಗಿಸಿದರೆ ಮೂಳೆ ಲಟಕ್ ಅಂತ ಬಿಟ್ಟುಕೊಡುತ್ತದೆ. ದಿನಕ್ಕೆ ಸಾವಿರ ಸಲ ತಿರುಗಿಸಬೇಕು. ಇಪ್ಪತ್ತೆರಡು ವರ್ಷ ತಿರುಗಿಸಿದ ಮೇಲೆ ನನ್ನ ಮಣಿಕಟ್ಟು ಒಂದು ದಿನ ಇನ್ನು ತಿರುಗುವುದಿಲ್ಲ ಅಂದಿತು.

ಊದಿಕೊಂಡಿತು. ಕಾದ ಇಟ್ಟಿಗೆಯ ಹಾಗೆ ಬಿಸಿ. ನೀರಿನ ಲೋಟ ಎತ್ತಿದರೆ ಲೋಟ ಬೀಳುತ್ತಿತ್ತು, ಲೋಟ ಬಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಅದೇ ಕೈಯಲ್ಲಿ ಗೋಡೆಗೆ ಗುದ್ದುತ್ತಿದ್ದೆ. ಗುಳಿಗೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಯಿತು. ನಮ್ಮಲ್ಲಿ ಕೈ ಕೆಟ್ಟವರನ್ನು ಕರುಳು ತೊಳೆಯುವ ಕೋಣೆಗೆ ಹಾಕುತ್ತಾರೆ. ಅಲ್ಲಿಗೆ ಹೋದವನು ವಾಪಸು ಚಾಕು ಹಿಡಿದದ್ದನ್ನು ನಾನು ಕಂಡಿಲ್ಲ.

"ನಿಮ್ಮ ಮುಂಗೋಪಕ್ಕಿಂತ ಸೂಜಿ ಮೊನೆ ಮೇಲು, ಬನ್ನಿ" ಅಂತ ಹೆಂಡತಿ ಒಂದು ಮಧ್ಯಾಹ್ನ ನನ್ನನ್ನು ಎಳೆದುಕೊಂಡು ಹೋದಳು.

ಇಸ್ತ್ರಿ ಅಂಗಡಿಯ ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು. ಹತ್ತಿದರೆ ಸೂಜಿಯಕ್ಕನ ಒಂದೇ ಕೋಣೆ. ಕೆಳಗಿನ ಇಸ್ತ್ರಿ ಪೆಟ್ಟಿಗೆಯ ಆವಿಗೆ ನೆಲ ಯಾವಾಗಲೂ ಬೆಚ್ಚಗೆ. ಎರಡು ಮಂಚ, ಒಂದು ಸ್ಟೂಲು, ಗೋಡೆಯಲ್ಲಿ ಗಾಜು ಹಾಕಿಸಿದ ಸರ್ಟಿಫಿಕೇಟು. ಪ್ರತಿ ಮಂಚದ ಕಾಲಿಗೂ ಒಂದೊಂದು ಸ್ಲೇಟು ಕಟ್ಟಿತ್ತು. ಎಷ್ಟು ಸೂಜಿ ಚುಚ್ಚಿದಳೋ ಅಷ್ಟು ಗೆರೆ ಎಳೆಯುವುದು, ಒಂದೊಂದು ತೆಗೆದಾಗ ಒಂದೊಂದು ಗೆರೆ ಅಳಿಸುವುದು, ಸ್ಲೇಟು ಖಾಲಿಯಾದ ಮೇಲೇ ಎದ್ದೇಳಲು ಬಿಡುವುದು. ತೆಗೆದ ಸೂಜಿ ಸೀದಾ ದಪ್ಪ ಡಬ್ಬಿಗೆ, ಇನ್ನೊಬ್ಬರಿಗೆ ಮುಟ್ಟಿಸುತ್ತಿರಲಿಲ್ಲ. ಆಕೆಗೆ ಆಗ ಐವತ್ತರ ಮೇಲಿತ್ತು. ಗಿಡ್ಡ ಆಳು, ಅಗಲ ಭುಜ, ಗಂಡಸಿನಂಥ ಹೆಬ್ಬೆರಳು.

"ಎಷ್ಟು ದಿನದಿಂದ?" ಅಂದಳು.

"ಎರಡು ತಿಂಗಳು."

"ಗೋಡೆಗೆ ಗುದ್ದೋದು ಎಷ್ಟು ದಿನದಿಂದ?"

ನಾನು ಹೆಂಡತಿಯ ಕಡೆ ಕಣ್ಣು ಬಿಟ್ಟೆ. "ನನ್ನನ್ನ್ಯಾಕೆ ನೋಡ್ತೀರಿ, ನಾನೇನೂ ಹೇಳಿಲ್ಲ" ಅಂದಳು ಅವಳು.

"ಅವಳು ಯಾಕೆ ಹೇಳ್ಬೇಕು, ನಿನ್ನ ಗೆಣ್ಣೇ ಹೇಳ್ತಿದೆ. ಗಾಯ ಇದೆಯಾ? ಚಾಕು ತಾಗಿದ್ದು, ಮೂಳೆ ಚೂರು ಹೊಕ್ಕಿದ್ದು? ಜ್ವರ? ಒಂದಿದ್ರೂ ಹೇಳ್ಬಿಡು, ಹಾಗಿದ್ರೆ ನಾನು ಸೂಜಿ ಮುಟ್ಟಲ್ಲ."

ಯಾರೇ ಬರಲಿ, ಈ ಮಾತು ಕೇಳದೆ ಆಕೆ ಸೂಜಿಯ ಪೊಟ್ಟಣ ಹರಿಯುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಇಲ್ಲ ಅಂದೆ. ಮಲಗಿಸಿದಳು. ಪ್ಯಾಂಟು ಮೇಲೆತ್ತಿಸಿ ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಅಳೆದು ಅಲ್ಲಿ ಚುಚ್ಚಿದಳು. ಸೂಜಿ ಕೂದಲೆಳೆಯಷ್ಟು, ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ಆಮೇಲೆ ಒಳಗೆ ಯಾರೋ ಭಾರ ಇಟ್ಟ ಹಾಗೆ ಜೋಮು. ನನಗೆ ರೇಗಿತು.

"ರೀ ಅಕ್ಕಾ, ಊದಿರೋದು ಕೈ. ಚುಚ್ತಿರೋದು ಕಾಲಿಗೆ. ಕಣ್ಣು ಕಾಣುತ್ತೋ ಇಲ್ವೋ?"

"ಮನೆಗೆ ಬೆಂಕಿ ಬಿದ್ರೆ ಬಾವಿ ಹತ್ರ ಓಡ್ತೀಯೋ, ಬೆಂಕಿ ಮುಂದೆ ನಿಂತ್ಕೊಂಡು ಬೈತೀಯೋ? ಬೈಯೋನ ಹಾಗೇ ಕಾಣ್ತೀಯ. ಅಲ್ಲಾಡ್ಬೇಡ."

ಆಮೇಲೆ ಸ್ಟೂಲಿನಲ್ಲಿ ಕೂತು ಹೇಳಿದಳು. ಅದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ಕೆಡುತ್ತದೆ.

"ಊತ ಅಂದ್ರೆ ಹೊಡೆದಾಟ ಕಣಯ್ಯಾ. ಕಳ್ಳ ಬಂದ ಅಂತ ಮೈ ತನ್ನ ಜನಾನ ದೊಣ್ಣೆ ಕೊಟ್ಟು ಕಳಿಸುತ್ತೆ. ಅವರು ಬಡೀತಾರೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ಅದು ಬೇಕು. ಆದ್ರೆ ಕಳ್ಳ ಇಲ್ಲ, ಬರೀ ಸವೆದ ನರ ಇದೆ, ಆದ್ರೂ ಬಡೀತಾನೇ ಇದ್ದಾರೆ ಅನ್ನು. ಅದು ನಿನ್ನ ಮಣಿಕಟ್ಟು. ಅವರಿಗೆ ಮನೆಯಿಂದ ಸುದ್ದಿ ಹೋಗ್ಬೇಕು, ಸಾಕು ಬನ್ರೋ ಅಂತ. ಕಾಲಿನ ಈ ಜಾಗದಲ್ಲಿ ಚುಚ್ಚಿದ್ರೆ ನರ ತಲೆಗೆ ಹೇಳುತ್ತೆ. ತಲೆಯಿಂದ ಹೊಟ್ಟೆಗೆ ಇಳಿಯೋ ದೊಡ್ಡ ನರ ಒಂದಿದೆ. ಅದು ಕಿಡ್ನಿ ತಲೆ ಮೇಲೆ ಕೂತಿರೋ ಒಂದು ಗ್ರಂಥಿಗೆ ಹೇಳುತ್ತೆ. ಅಲ್ಲಿಂದ ಊತ ಇಳಿಸೋ ರಸ ಬರುತ್ತೆ. ಇಲಿ ಮೇಲೆ ಮಾಡಿ ನೋಡಿದ್ದಾರಂತೆ. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ಅಂತ ಓದಿದೋರು ಇನ್ನೂ ಜಗಳ ಆಡ್ತಿದ್ದಾರೆ. ಕೆಲವರಿಗೆ ಇಳಿಯುತ್ತೆ, ಕೆಲವರಿಗೆ ಇಳಿಯಲ್ಲ. ಎಲ್ಲಾ ಗೊತ್ತು ಅನ್ನೋರ ಹತ್ರ ಸೂಜಿ ಚುಚ್ಚಿಸ್ಕೋಬೇಡ."

ಆ ಗ್ರಂಥಿ ನನಗೆ ಗೊತ್ತಿತ್ತು. ಕುರಿಯ ಕಿಡ್ನಿಯ ಪಕ್ಕ, ಕೊಬ್ಬಿನ ಒಳಗೆ, ಹುಣಸೆಬೀಜದಷ್ಟು ಇರುತ್ತದೆ. ನಾವು ಅದನ್ನು ಕೊಬ್ಬಿನ ಜೊತೆ ಬಕೆಟ್ಟಿಗೆ ಎಸೆಯುತ್ತೇವೆ. ಹಾಗಂತ ಹೇಳಿದೆ. ಆಕೆ ಮೊದಲ ಸಲ ನಕ್ಕಳು. "ನೋಡಪ್ಪಾ, ನಾನು ಪುಸ್ತಕದಲ್ಲಿ ಕಂಡದ್ದನ್ನ ನೀನು ಬಕೆಟ್ಟಲ್ಲಿ ಕಂಡಿದ್ದೀಯ."

ವಾರಕ್ಕೆರಡು ಸಲದಂತೆ ಎರಡು ತಿಂಗಳು ಹೋದೆ. ಮಲಗಿದ ಅರ್ಧ ಗಂಟೆಯಲ್ಲಿ ಆಕೆಯ ಕಥೆ ಚೂರು ಚೂರಾಗಿ ಕಿವಿಗೆ ಬಿತ್ತು. ಹನ್ನೆರಡು ವರ್ಷಕ್ಕೆ ಹಾಸಿಗೆ ಹೊಲಿಯುವ ಅಂಗಡಿಗೆ ಸೇರಿಸಿದ್ದರಂತೆ. ಗೇಣುದ್ದದ ದಬ್ಬಳ, ದಪ್ಪ ಬಟ್ಟೆ, ಹುರಿ ದಾರ. ಮದುವೆಯಾದದ್ದು ಲಾರಿ ಡ್ರೈವರನನ್ನು. ಅವನು ಮನೆಗೆ ಬಂದ ದಿನವೆಲ್ಲ ಹೊಡೆಯುತ್ತಿದ್ದ. ಬೆಲ್ಟಿನಲ್ಲಿ, ಬೂಟಿನಲ್ಲಿ, ಒಮ್ಮೆ ಸೈಕಲ್ ಪಂಪಿನಲ್ಲಿ. ಆಕೆಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಆ ಪಂಪಿನಿಂದಲೇ. ಒಂದು ದಿನ ಊಟಕ್ಕೆ ಕೂತವನು ತಟ್ಟೆ ಎಸೆದ. ಆಕೆ ಎದ್ದು ದಬ್ಬಳವನ್ನು ಅವನ ತೊಡೆಗೆ ಹಿಡಿಯ ತನಕ ಇಳಿಸಿದಳು.

"ಆಮೇಲೆ?" ಅಂದೆ ನಾನು. ನನಗೆ ಇಂಥ ಕಥೆ ಅಂದರೆ ಇಷ್ಟ.

"ಆಮೇಲೇನು, ಅದೇ ಕುಂಟು ಕಾಲಲ್ಲೇ ಹೋದ, ಇನ್ನೂ ಬಂದಿಲ್ಲ. ನಾನು ಗಂಡಸಿಗೆ ಚುಚ್ಚಿದ ಮೊದಲನೇ ಸೂಜಿ ಅದು. ಜಾಗ ಸರಿಯಾಗೇ ಇತ್ತು, ಆಳ ಒಂದು ಚೂರು ಜಾಸ್ತಿ ಆಯ್ತು."

ನಲವತ್ತಕ್ಕೆ ಬೆರಳಿನ ಕೀಲುಗಳೆಲ್ಲ ಊದಿ ದಬ್ಬಳ ಹಿಡಿಯಲು ಆಗದಾದಾಗ ಒಬ್ಬ ಮುದುಕ ಸೂಜಿ ವೈದ್ಯನ ಹತ್ತಿರ ಹೋದಳು. ಊತ ಇಳಿಯಿತು. ಎರಡು ವರ್ಷ ಅವನ ನೆಲ ಗುಡಿಸಿದಳು, ಆರು ವರ್ಷ ಕಲಿತಳು, ಪರೀಕ್ಷೆ ಕಟ್ಟಿ ಪಾಸಾದಳು. ಆ ಕೋಣೆ, ಆ ಎರಡು ಮಂಚ, ದಿನಕ್ಕೆ ಹತ್ತು ಹನ್ನೆರಡು ಜನ. ಆಕೆಗೆ ಇದ್ದದ್ದು ಅಷ್ಟು. ಮಕ್ಕಳಿಲ್ಲ.

ನನ್ನ ಊತ ಇಳಿಯಿತು. ಸೂಜಿಯೊಂದರಿಂದಲೇ ಅಂತ ನಾನು ಆಣೆ ಇಡಲಾರೆ. ಹತ್ತು ದಿನ ರಜೆ ಹಾಕಿಸಿದಳು. ಚಾಕುವಿನ ಹಿಡಿಗೆ ಬಟ್ಟೆ ಸುತ್ತಿಸಿ ದಪ್ಪ ಮಾಡಿಸಿದಳು. ಗಂಟೆಗೊಮ್ಮೆ ಮಸೆಯಬೇಕು ಅಂದಳು. "ಅರ್ಧ ನನ್ನ ಸೂಜಿ, ಅರ್ಧ ನಿನ್ನ ಮಸೆಗಲ್ಲು" ಅಂದಳು. ಆದರೆ ನಾನು ಹೊರಗೆ ಹೇಳಿದ್ದು ಹಾಗಲ್ಲ. ಮೂಗು ಹಿಡಿಯಲು ಬಾರದವನು ಯೋಗ ಕಲಿಸಿದ ಹಾಗೆ, ಕಂಡಕಂಡವರಿಗೆಲ್ಲ ನಾನೇ ವೈದ್ಯನಾದೆ. ಊತವಾ? ಸೂಜಿ. ಕೆಂಪಾ? ಸೂಜಿ. ಮೊದಲು ಬಿಸಿ ಏರುತ್ತೆ ಕಣೋ, ಆಮೇಲೆ ಇಳಿಯುತ್ತೆ.

ಈಗ ನನ್ನ ಹೆಂಡತಿಯ ತಮ್ಮನ ವಿಷಯ. ಮೂವತ್ತೆಂಟು ವರ್ಷದ ಆಳು, ನನ್ನ ಪಕ್ಕದ ಮೇಜಿನಲ್ಲೇ ಕೆಲಸ. ಬಾಯಿ ಮುಚ್ಚುವುದಿಲ್ಲವಾದ್ದರಿಂದ ಗಿಳಿ ಅಂತ ಹೆಸರು. ಒಂದು ಸೋಮವಾರ ಕುರಿಯ ಪಕ್ಕೆಲುಬು ಸೀಳಿ, ಅದರ ಸೂಜಿಯಂಥ ಚೂರು ಗವಸಿನ ಬಳೆಯ ನಡುವೆ ತೂರಿ ಅವನ ಎಡ ಅಂಗೈಗೆ ಹೊಕ್ಕಿತು. ಗಿಳಿ ಹಲ್ಲಿನಲ್ಲಿ ಕಚ್ಚಿ ಎಳೆದ. ತುದಿ ಮುರಿದು ಒಳಗೇ ಉಳಿದದ್ದು ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ನಮ್ಮಲ್ಲಿ ಒಂದು ಕಾನೂನು ಇದೆ. ಗಾಯದ ಕೈಯನ್ನು ಮಾಂಸದ ಮೇಜಿಗೆ ತರುವಂತಿಲ್ಲ. ದಿನಾ ಬಾಗಿಲಲ್ಲಿ ಮೇಸ್ತ್ರಿ ಅಂಗೈ ತಿರುಗಿಸಿ ನೋಡುತ್ತಾನೆ. ಗಾಯ ಮುಚ್ಚಿಟ್ಟದ್ದು ಗೊತ್ತಾದರೆ ಮುಚ್ಚಿಟ್ಟವನಿಗೂ, ಮುಚ್ಚಲು ಕೈಜೋಡಿಸಿದವನಿಗೂ ಅವತ್ತೇ ಕೆಲಸ ಹೋಗುತ್ತದೆ. ಅದಕ್ಕೆ ಚಾಕು ಹಿಡಿಯುವ ನಾವು ಒಂದು ಉಪಾಯ ಇಟ್ಟುಕೊಂಡಿದ್ದೇವೆ. ಚಪ್ಪಲಿ ಅಂಟಿಸುವ ಅಂಟು. ಒಂದು ಹನಿ ಬಿಟ್ಟು ಒತ್ತಿದರೆ ಗಾಯದ ಬಾಯಿ ಕಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಒರಟು ಚರ್ಮದಂತೆ ಕಾಣುತ್ತದೆ. ನನ್ನ ಮೈಮೇಲೇ ಅಂಥವು ಹತ್ತಿವೆ. ಗಿಳಿಗೆ ಅಂಟು ಹಚ್ಚಿದವನು ನಾನು. ಕಕ್ಕಸಿನ ಬಾಗಿಲ ಹಿಂದೆ ನಿಂತು, ಅವನ ಕೈಯನ್ನು ನನ್ನ ಮೊಣಕಾಲ ಮೇಲೆ ಒತ್ತಿ ಹಿಡಿದು.

ಬುಧವಾರಕ್ಕೆ ಕೈ ಊದಿತು. ಗುರುವಾರ ನಾನೇ ಅವನನ್ನು ಕಬ್ಬಿಣದ ಮೆಟ್ಟಿಲು ಹತ್ತಿಸಿದೆ. ದಾರಿಯಲ್ಲಿ, "ಅಂಟಿನ ಮಾತು ಎತ್ತಬೇಡ, ಆ ಬೀದಿಯಲ್ಲಿ ನಮ್ಮ ಕೆಲಸದೋರು ಹತ್ತು ಜನ ಬರ್ತಾರೆ, ಮೇಸ್ತ್ರಿ ಕಿವಿಗೆ ಬೀಳುತ್ತೆ" ಅಂದೆ.

ಸೂಜಿಯಕ್ಕ ಕೈ ಹಿಡಿದು ನೋಡಿದಳು. ಮುಖ ಗಂಟಿಕ್ಕಿತು. "ಚಾಕು ಹಿಡಿಯೋದು ಬಲಗೈ. ಊದಿರೋದು ಎಡಗೈ. ಯಾಕೆ?"

ಗಿಳಿ ಬಾಯಿ ತೆರೆದ. ಹುಟ್ಟಿದಾಗಿನಿಂದ ಮುಚ್ಚದ ಬಾಯಿ, ಅವತ್ತು ನಾನು ಮುಚ್ಚಿಸಿದೆ. "ಎಡಗೈಲಿ ಕೊಕ್ಕೆ ಎಳೀತಾನೆ ಅಕ್ಕಾ. ದಿನಾ ನಾನೂರು ಸಲ. ನಂದು ಥರಾನೇ."

"ಗಾಯ?"

"ಇಲ್ಲ."

"ಅವನನ್ನ ಕೇಳಿದ್ದು."

"ಇಲ್ಲ ಅಕ್ಕಾ" ಅಂದ ಗಿಳಿ, ನನ್ನ ಮುಖ ನೋಡಿಕೊಂಡು.

"ನನಗೆ ಸರಿ ಕಾಣ್ತಿಲ್ಲ. ಆಸ್ಪತ್ರೆಗೆ ಹೋಗಿ."

"ಆಸ್ಪತ್ರೆಗೆ ಹೋದ್ರೆ ರಜೆ ಚೀಟಿ, ರಜೆ ಚೀಟಿ ಅಂದ್ರೆ ಕರುಳಿನ ಕೋಣೆ. ಒಂದು ಸಲ ಚುಚ್ಚಿ ನೋಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ. ಸುಮ್ಮನೆ ಅಂದದ್ದಲ್ಲ, ಬಗ್ಗಿಯೂ ಬಿಟ್ಟೆ.

ಕೈಗೆ ಆಕೆ ಸೂಜಿ ಮುಟ್ಟಿಸಲಿಲ್ಲ. ಕಾಲಿಗೆ ನಾಲ್ಕೇ ಸೂಜಿ ಹಾಕಿದಳು. ಕಳಿಸುವಾಗ ಪೆನ್ನು ತೆಗೆದು, ಕೆಂಪು ಎಲ್ಲಿಗೆ ನಿಂತಿತ್ತೋ ಅಲ್ಲಿ, ಮಣಿಕಟ್ಟಿಗಿಂತ ಎರಡು ಬೆರಳು ಮೇಲೆ, ಸುತ್ತಲೂ ಗೆರೆ ಎಳೆದಳು. "ನಾಳೆ ಬೆಳಿಗ್ಗೆ ಕೆಂಪು ಈ ಗೆರೆ ದಾಟಿದ್ರೆ ಇದು ಉರಿ ಊತ ಅಲ್ಲ, ನಂಜು. ಒಳಗೆ ಕಳ್ಳ ಇದ್ದಾನೆ ಅಂತ. ಇಲ್ಲಿಗೆ ಬರಬೇಡ, ಸೀದಾ ಆಸ್ಪತ್ರೆಗೆ ಓಡು. ಗೊತ್ತಾಯ್ತಾ?"

ಗೊತ್ತಾಯ್ತು ಅಂದೆವು.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಆ ಗೆರೆ ನನ್ನ ಕಣ್ಣಿಗೆ ಚುಚ್ಚಿತು. ಮೇಸ್ತ್ರಿ ನೋಡಿದರೆ ಏನದು ಅಂತ ಕೇಳುತ್ತಾನೆ. ಊದಿದ ಕೈಯನ್ನು ಅವನು ಕೇಳುವುದಿಲ್ಲ, ನಮ್ಮಲ್ಲಿ ಊದದ ಕೈ ಯಾರದಿದೆ? ಪೆನ್ನಿನ ಗೆರೆಯನ್ನು ಕೇಳುತ್ತಾನೆ. ಪಾತ್ರೆ ತಿಕ್ಕುವ ನಾರಿನಲ್ಲಿ ಸೋಪು ಹಚ್ಚಿ ನಾನೇ ಉಜ್ಜಿ ತೆಗೆದೆ. ಗಿಳಿ ನೋವಿಗೆ ಕಿರುಚಿದ. "ಏಯ್, ಸುಮ್ನಿರೋ" ಅಂದೆ. ಕೆಂಪು ಗೆರೆ ದಾಟಿತ್ತೋ ಇಲ್ಲವೋ? ದಾಟಿತ್ತು. ಒಂದು ಬೆರಳಗಲ. ಮೊದಲು ಏರುತ್ತೆ, ಆಮೇಲೆ ಇಳಿಯುತ್ತೆ ಅಂದೆ. ಗೆರೆ ಹೋದ ಮೇಲೆ ಅಳೆಯುವುದಕ್ಕೂ ಏನೂ ಉಳಿಯಲಿಲ್ಲ.

ಶನಿವಾರ ಗಿಳಿ ನಡುಗುತ್ತಾ ಮೇಜಿನ ಮೇಲೇ ಬಿದ್ದ. ಭಾನುವಾರ ಆಸ್ಪತ್ರೆಯಲ್ಲಿ ಡಾಕ್ಟರು, ಎರಡು ಬೆರಳು ಕಪ್ಪಾಗಿವೆ, ತೆಗೆಯದಿದ್ದರೆ ಕೈಯೇ ಹೋಗುತ್ತದೆ ಅಂದರು. ನನ್ನ ಹೆಂಡತಿ ಆಸ್ಪತ್ರೆಯ ನೆಲಕ್ಕೆ ಹಣೆ ಚಚ್ಚಿಕೊಂಡಳು. "ಯಾರ ಹತ್ರ ಕರ್ಕೊಂಡು ಹೋದ್ರಿ? ಯಾರು ಹೀಗೆ ಮಾಡಿದ್ದು?" ಅಂತ ಕಿರುಚಿದಳು.

ನಾನು ಸೂಜಿಯಕ್ಕನ ಕೋಣೆಗೆ ಓಡಿದೆ.

ಮಟಮಟ ಮಧ್ಯಾಹ್ನ. ಒಂದು ಮಂಚದಲ್ಲಿ ಒಬ್ಬ ಮುದುಕಿ ಮಲಗಿದ್ದಳು, ಬೆನ್ನಿನಲ್ಲಿ ಆರು ಸೂಜಿ. ನಾನು ಬಾಗಿಲನ್ನು ಒದ್ದು ಒಳಗೆ ಹೋದವನೇ ಖಾಲಿ ಮಂಚವನ್ನು ಎತ್ತಿ ಗೋಡೆಗೆ ಬಡಿದೆ. ಸರ್ಟಿಫಿಕೇಟಿನ ಗಾಜು ಪುಡಿಯಾಯಿತು. ಸೂಜಿಯಕ್ಕ ಮೊದಲು ಮಾಡಿದ ಕೆಲಸ ಏನು ಗೊತ್ತೇ? ನನ್ನ ಕಡೆ ಬೆನ್ನು ತಿರುಗಿಸಿ ಮುದುಕಿಯ ಸೂಜಿ ತೆಗೆಯತೊಡಗಿದಳು. ಒಂದು, ಎರಡು, ಪ್ರತಿ ಸಲಕ್ಕೂ ಸ್ಲೇಟಿನಲ್ಲಿ ಗೆರೆ ಅಳಿಸುತ್ತಾ. ಅದು ನನ್ನ ತಲೆ ಕೆಡಿಸಿತು. "ನನ್ನ ಭಾಮೈದನ ಬೆರಳು ತಿಂದು ಇಲ್ಲಿ ಲೆಕ್ಕ ಹಾಕ್ತಿದ್ದೀಯೇನೇ!" ಅಂದು ಸ್ಟೂಲು ಎತ್ತಿದೆ. ಆಕೆ ಮುದುಕಿಯ ಮೇಲೆ ಬಗ್ಗಿ ಬಲಗೈ ಅಡ್ಡ ಹಿಡಿದಳು. ಸ್ಟೂಲಿನ ಕಾಲು ಮಣಿಕಟ್ಟಿಗೆ ಬಿತ್ತು.

ಮೂಳೆಯ ಸದ್ದು ನನಗೆ ಗೊತ್ತು. ದಿನಾ ಕೇಳುತ್ತೇನೆ. ಲಟಕ್.

ಅಂಟಿನ ನೆನಪು ಆಗ ಬರಲಿಲ್ಲ ಅಂತ ನಾನು ಬರೆಯಬಹುದಿತ್ತು. ಸುಳ್ಳಾಗುತ್ತದೆ. ಮೆಟ್ಟಿಲು ಹತ್ತುವಾಗಲೇ ನೆನಪಿತ್ತು. ನೆನಪಿದ್ದುದರಿಂದಲೇ ಅಷ್ಟು ಜೋರಾಗಿ ಹೊಡೆದೆ.

ಆಕೆ ಎಡಗೈಯಲ್ಲಿ ಮಿಕ್ಕ ಎರಡು ಸೂಜಿಯನ್ನು ತೆಗೆದು, ಸ್ಲೇಟು ಖಾಲಿ ಮಾಡಿ, "ಏಳಮ್ಮಾ, ಆಯ್ತು" ಅಂತ ಮುದುಕಿಯನ್ನು ಎಬ್ಬಿಸಿದಳು. ಆಮೇಲೆ ನೆಲಕ್ಕೆ ಕೂತಳು. ನಾನು ಆ ಸ್ಲೇಟನ್ನೂ ಒಡೆದು ಹೊರಗೆ ಬಂದೆ. ಬೀದಿ ತುಂಬಾ ಜನ ಸೇರಿದ್ದರು. ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ನಿಂತು, ಗುಡುಗು ಅನ್ನುವ ಹೆಸರಿಗೆ ತಕ್ಕ ಗಂಟಲಿನಲ್ಲಿ ಕೂಗಿದೆ: "ಬೆರಳು ನುಂಗಿದೋಳು ಇವಳು! ನನ್ನ ಭಾಮೈದನ ಬೆರಳು ನುಂಗಿದಳು! ಯಾರೂ ಬರಬೇಡಿ ಈ ಪಿಶಾಚಿ ಹತ್ರ!" ಕೆಳಗೆ ನಿಂತವರಲ್ಲಿ ಮೇಸ್ತ್ರಿಯೂ ಇದ್ದ, ಇಸ್ತ್ರಿ ಬಟ್ಟೆಗೆ ಬಂದವನು. "ಸೂಜಿಯಿಂದ ಹೀಗಾಯ್ತಾ?" ಅಂತ ಕೇಳಿದ. "ಸೂಜಿಯಿಂದಲೇ" ಅಂದೆ. ಆ ಒಂದು ಮಾತಿನಿಂದ ಗಿಳಿಯ ಕೆಲಸ ಉಳಿಯಿತು, ನನ್ನದೂ ಉಳಿಯಿತು.

ಮಾರನೆಯ ದಿನ ಬೆರಳು ತೆಗೆದ ಡಾಕ್ಟರು ನನ್ನ ಹೆಂಡತಿಯನ್ನು ಕರೆದು ಒಂದು ಸ್ಟೀಲ್ ತಟ್ಟೆ ತೋರಿಸಿದರು. ಕೀವಿನಲ್ಲಿ ಒಂದು ಮೂಳೆ ಚೂರು, ಉಗುರಿನಂತೆ ಗಟ್ಟಿಯಾದ ಒಂದು ಹಾಳೆ ಅಂಟು. "ಇದನ್ನು ಹಾಕಿ ಬಾಯಿ ಮುಚ್ಚಿದವರು ಯಾರಮ್ಮಾ? ಕೀವಿಗೆ ಹೊರಗೆ ಬರೋಕೆ ದಾರಿಯೇ ಇರಲಿಲ್ಲ" ಅಂದರಂತೆ. ಅವಳು ಗಿಳಿಯನ್ನು ಕೇಳಿದಳು. ಬಾಯಿ ಬಿಚ್ಚಿದ.

ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಅವಳು ಬಂದಳು, ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರು, ಊಟ ತುಂಬಿದ್ದು. ಅದನ್ನು ಬೀಸಿ ನನ್ನ ತಲೆಗೆ ಹೊಡೆದಳು. ಹುಬ್ಬು ಸೀಳಿತು. ಎರಡನೆಯ ಏಟು ಕಿವಿಗೆ. ಮೂರನೆಯದಕ್ಕೆ ನರ್ಸು ಬಂದು ಹಿಡಿದುಕೊಂಡಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ದಿನ. "ಹೋಗ್ರೀ, ಆಯಮ್ಮನ ಕಾಲು ಹಿಡೀರಿ. ಅಲ್ಲಿ ತನಕ ಮನೆಗೆ ಬರಬೇಡಿ" ಅಂದಳು. ನನ್ನ ಹುಬ್ಬಿಗೆ ಐದು ಹೊಲಿಗೆ ಹಾಕಿದರು. ಅಂಟು ಹಚ್ಚಲಿಲ್ಲ.

ಸೂಜಿಯಕ್ಕ ಕೋಣೆಯಲ್ಲೇ ಇದ್ದಳು. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈಯಲ್ಲಿ ಪೊರಕೆ. ಪೊಲೀಸರು ಬಂದು ಹೋಗಿದ್ದರು. ಮೆಟ್ಟಿಲಲ್ಲಿ ಜಾರಿ ಬಿದ್ದೆ ಅಂತ ಹೇಳಿದ್ದಳು. ಗಾಜು ಬೆಕ್ಕು ಹಾರಿ ಒಡೆಯಿತು ಅಂದಳಂತೆ.

ನಾನು ಬಾಗಿಲಲ್ಲೇ ನಿಂತು ಹೇಳಿದೆ. ಅಂಟು, ಗೆರೆ, ಸೋಪು, ಎಲ್ಲ.

"ಗೆರೆಯನ್ನೂ ತಿಕ್ಕಿಬಿಟ್ಟೆಯಾ?" ಅಂದಳು. "ನನ್ನದೂ ತಪ್ಪಿದೆ. ಅನುಮಾನ ಬಂದ ಮೇಲೆ ಒಂದು ಸೂಜಿಯನ್ನೂ ಮುಟ್ಟಬಾರದಿತ್ತು."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ನಿನ್ನನ್ನ ಒಳಗೆ ಹಾಕಿದ್ರೆ ಅವನ ಬೆರಳು ಬರುತ್ತಾ, ನನ್ನ ಕೈ ಬರುತ್ತಾ?"

"ಹೊಡೀರಿ ಅಕ್ಕಾ. ದಬ್ಬಳ ತಗೊಂಡು ಚುಚ್ಚಿ. ಅದೇ ಸ್ಟೂಲು ಇದೆ."

"ಎಡಗೈಯಲ್ಲಿ ಹೊಡೆದ್ರೆ ನಿನ್ನಂಥ ಕೋಣಕ್ಕೆ ಏನಾಗುತ್ತೆ? ಬಲಗೈ ಕೂಡ್ಲಿ. ಆದ್ರೆ ಮೊದಲು ಒಂದು ಕೆಲಸ ಇದೆ." ಪೊರಕೆಯ ತುದಿಯಲ್ಲಿ ಬಾಗಿಲ ಹೊರಗೆ ತೋರಿಸಿದಳು. "ಯಾವ ಮೆಟ್ಟಿಲ ಮೇಲೆ ನಿಂತು ಯಾವ ಗಂಟಲಲ್ಲಿ ಕೂಗಿದೆಯೋ, ಅದೇ ಮೆಟ್ಟಿಲಲ್ಲಿ, ಅದೇ ಗಂಟಲಲ್ಲಿ, ಹಾಡಹಗಲು ಕೂಗು. ಅಂಟು ಹಚ್ಚಿದವನು ನಾನು, ಸುಳ್ಳು ಹೇಳಿದವನು ನಾನು ಅಂತ. ಅವತ್ತು ಮೇಲೆ ಹತ್ತಿ ಬಾ, ಒಂದು ಏಟು ಕೊಡ್ತೀನಿ. ಆಮೇಲೆ ನಿನಗೂ ನನಗೂ ಸರಿ."

"ಮೇಸ್ತ್ರಿಗೆ ಗೊತ್ತಾದ್ರೆ ಇಬ್ಬರ ಕೆಲಸವೂ ಹೋಗುತ್ತೆ ಅಕ್ಕಾ. ನನಗೆ ಬೇರೆ ಕಡೆ ಸಿಗುತ್ತೆ. ಎರಡು ಬೆರಳಿಲ್ಲದ ಅವನಿಗೆ ಯಾರು ಕೊಡ್ತಾರೆ?"

"ಹಾಗಾದ್ರೆ ಬಾಕಿ ಇರ್ಲಿ" ಅಂದು ಗಾಜು ಗುಡಿಸತೊಡಗಿದಳು. ನಾನು ಪೊರಕೆ ಕಸಿದುಕೊಂಡು ಗುಡಿಸಿದೆ. ಮಂಚ ರಿಪೇರಿ ಮಾಡಿಸಿದೆ. ಹೊಸ ಸ್ಲೇಟು ತಂದೆ. ಅದೆಲ್ಲ ಮಾಡಬಹುದಾದ ಕೆಲಸ, ಮಾಡಿದೆ.

ಆರು ವಾರಕ್ಕೆ ಪ್ಲಾಸ್ಟರು ಬಿಚ್ಚಿದಾಗ ಮಣಿಕಟ್ಟು ಸೊಟ್ಟಗೆ ಕೂಡಿತ್ತು. ಬೆರಳು ಮಡಚಲು ಬರದಷ್ಟು ಊತ. "ಈಗ ಇದು ನಿನ್ನ ಥರದ್ದು. ಕಳ್ಳ ಇಲ್ಲ, ಬಡಿಯೋದು ನಿಂತಿಲ್ಲ. ಕೂತ್ಕೋ, ಎಡಗೈಯಲ್ಲಿ ನಾನೇ ಚುಚ್ಕೊಳ್ಳೋಕಾಗಲ್ಲ, ನೀನೇ ಚುಚ್ಬೇಕು" ಅಂದಳು.

ನಾನು ಹಿಂದಕ್ಕೆ ಸರಿದೆ. ನನ್ನ ಕೈ ಮೂಳೆಗೆ ಪಳಗಿದ ಕೈ. ಸೂಜಿಯನ್ನು ಬೆರಳ ನಡುವೆ ಕೊಟ್ಟಳು, ಅದು ಇದೆಯೋ ಇಲ್ಲವೋ ಅಂತಲೂ ನನಗೆ ತಿಳಿಯಲಿಲ್ಲ. ಹೆಬ್ಬೆರಳಿನಿಂದ ಜಾಗ ಒತ್ತಿ ತೋರಿಸಿದಳು.

"ಚಾಕು ಹಿಡಿದ ಹಾಗೆ ಹಿಡೀಬೇಡ. ಉಸಿರು ಬಿಡು. ಉಸಿರು ಬಿಡೋ ಕೋಣ! ಒತ್ತಬೇಡ, ತಟ್ಟು. ಹಾಂ. ಈಗ ಎರಡು ಬೆರಳಲ್ಲಿ ಸುತ್ತು. ನಿನ್ನ ಕೈ ಯಾಕೆ ಹೀಗೆ ನಡುಗುತ್ತೆ? ನಾನೂರು ಕುರಿ ಕಡಿಯೋನು!"

"ಕುರಿ ನೋಡ್ತಾ ಇರಲ್ಲ ಅಕ್ಕಾ" ಅಂದೆ.

ವಾರಕ್ಕೆರಡು ಸಲ, ನಾಲ್ಕು ತಿಂಗಳು, ಆಕೆಯ ಒಬ್ಬಳ ಮೇಲೆ, ಆಕೆಯ ಕಣ್ಣೆದುರು. ಸ್ಲೇಟಿನಲ್ಲಿ ಗೆರೆ ಎಳೆಯುವುದೂ ನಾನೇ. ಊತ ಇಳಿಯಿತು, ಬೆರಳು ಮಡಚಿತು. ಸೊಟ್ಟ ಹೋಗಲಿಲ್ಲ. ಮೂಳೆಯ ಸೊಟ್ಟಕ್ಕೆ ಸೂಜಿ ಏನು ಮಾಡೀತು? ಮತ್ತೆ ಕೆಲಸ ಶುರು ಮಾಡಿದಳು, ಆದರೆ ಮೆಟ್ಟಿಲು ಹತ್ತುವವರೇ ಕಡಿಮೆಯಾದರು. ಹನ್ನೆರಡು ಜನ ಬರುತ್ತಿದ್ದ ಕಡೆ ಮೂವರು. ಮಕ್ಕಳು ಮೆಟ್ಟಿಲ ಕೆಳಗೆ ನಿಂತು "ಬೆರಳು ನುಂಗಿ, ಬೆರಳು ನುಂಗಿ" ಅಂತ ಕೂಗಿ ಓಡುತ್ತಿದ್ದವು. ಒಂದು ಸಲ ಕಿಟಕಿಗೆ ಕಲ್ಲು ಬಿತ್ತು. ಒಂದು ಮಂಚ ಮಾರಿದಳು. ನಾನು ಕಲ್ಲೆಸೆದವನ ಅಪ್ಪನನ್ನು ಹುಡುಕಿ ಹೊಡೆದು ಬಂದೆ. ಅದನ್ನು ಕೇಳಿ ಆಕೆ ನಗಲಿಲ್ಲ.

"ಕಳ್ಳ ಇಲ್ಲದ ಕಡೆಯೆಲ್ಲಾ ಬಡೀತೀಯ ನೋಡು" ಅಂದಳು. ಅಷ್ಟೇ.

ಏಳು ವರ್ಷ ಹೀಗೆ ಹೋಯಿತು. ಹೋದಾಗಲೆಲ್ಲ ಒಂದೇ ಮಾತು. ನಾನು ಕೆನ್ನೆ ಮುಂದೆ ಮಾಡಿ, "ಇವತ್ತು ಕೊಟ್ಬಿಡಿ ಅಕ್ಕಾ" ಅನ್ನುವುದು. ಆಕೆ ಆ ಸೊಟ್ಟ ಕೈಯನ್ನು ಎತ್ತಿ, ತಿರುಗಿಸಿ ನೋಡಿ, "ಕೂಗಿದೆಯಾ?" ಅನ್ನುವುದು. ಇಲ್ಲ ಅನ್ನುವುದು ನಾನು. ಕೈ ಇಳಿಸುವುದು ಆಕೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ. ಇಸ್ತ್ರಿಯವನು ಬಂದು ಹೇಳಿದ. ಹೆಣವನ್ನು ಕೆಳಗೆ ತರುವಾಗ ಆ ಮೂರನೆಯ ಮೆಟ್ಟಿಲಲ್ಲಿ ನಾನು ತಲೆಯ ಕಡೆ ಹಿಡಿದಿದ್ದೆ. ಬೀದಿಯಲ್ಲಿ ಅವತ್ತಿನಷ್ಟೇ ಜನ. ಮೇಸ್ತ್ರಿಯೂ ಇದ್ದ. ಬಾಕಿ ಇದ್ದ ಕೂಗು ಗಂಟಲಿನ ತನಕ ಬಂತು. ಬಾಯಿ ತೆರೆದೆ ಕೂಡ. ಜನರ ನಡುವೆ ಗಿಳಿ ನಿಂತಿದ್ದ, ಮೂರು ಬೆರಳಿನ ಕೈಯನ್ನು ಜೇಬಿನಲ್ಲಿ ಮುಚ್ಚಿಕೊಂಡು. ಅವನು ಈಗ ಬಾಗಿಲಲ್ಲಿ ಕೊಕ್ಕೆ ತೊಳೆಯುತ್ತಾನೆ. ಮನೆಯಲ್ಲಿ ನಾಲ್ಕು ಹೊಟ್ಟೆ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟೆ.

ಮಾರನೆಯ ದಿನ ಮೇಸ್ತ್ರಿಯ ಹಲ್ಲು ಉದುರಿಸಿದೆ. ಅವನು ಬಾಯಿ ಹಿಡಿದುಕೊಂಡು, "ನಾನೇನು ಸುಳ್ಳು ಹೇಳಿದೆನೇನೋ? ಕೂಗಿದೋನು ನೀನೇ ಅಲ್ವೇನೋ!" ಅಂದ. ನಿಜವೇ.

ಬರೆದದ್ದು ಕೂಗಿದ್ದಕ್ಕೆ ಸಮ ಅಲ್ಲ ಅಂತ ನನಗೆ ಗೊತ್ತು. ಕಾಗದಕ್ಕೆ ಗಂಟಲಿಲ್ಲ, ಇದರಲ್ಲಿ ಯಾರ ಹೆಸರೂ ಇಲ್ಲ, ಬೀದಿಯ ಹೆಸರೂ ಇಲ್ಲ. ಆ ಮೂರನೆಯ ಮೆಟ್ಟಿಲು ಇನ್ನೂ ಅಲ್ಲೇ ಇದೆ, ಒಂದು ಕಡೆ ತುಕ್ಕು ಹಿಡಿದಿದೆ. ನನ್ನ ಗಂಟಲೂ ಸರಿಯಾಗೇ ಇದೆ. ಕೂಗು ಬಾಕಿ. ಕೂಗಿ ಹತ್ತಿ ಬಂದರೆ ಹೊಡೆಯಬೇಕಾಗಿದ್ದ ಆ ಸೊಟ್ಟ ಕೈ ಮಣ್ಣಿನ ಕೆಳಗಿದೆ.